ಚಳಿಯ ಬೆಳಿಗ್ಗೆ ಆಟೋಮ್ಯಾಟಿಕ್ ಕಾರು: ಮೊದಲ ಐದಾರು ಕಿಲೋಮೀಟರ್ ಹೇಗೆ ಓಡಿಸಬೇಕು

ಧನುರ್ಮಾಸದಲ್ಲಿ ಬೆಳಿಗ್ಗೆ ಆರಕ್ಕೆ ಕಾರು ತೆಗೆದು ನೋಡಿ. ಲಿವರನ್ನು ಡಿಗೆ (ಡ್ರೈವ್, ಅಂದರೆ ಮುಂದಕ್ಕೆ ಹೋಗುವ ಗೇರಿಗೆ) ಹಾಕಿದ ಮೇಲೆ ಒಂದು ಕ್ಷಣ ಸುಮ್ನೆ ನಿಲ್ಲುತ್ತದೆ, ಆಮೇಲೆ ಸಣ್ಣ ಜರ್ಕ್ ಹೊಡೆದು ಹೊರಡುತ್ತದೆ. ಎರಡನೇ ಗೇರಿನಿಂದ ಮೂರಕ್ಕೆ ಹೋಗಲು ಹಿಂದೆಮುಂದೆ ನೋಡುತ್ತದೆ. ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಅಷ್ಟು ಓಡುತ್ತಿಲ್ಲ ಅನ್ನಿಸುತ್ತದೆ. ಅದೇ ಕಾರು ಮಧ್ಯಾಹ್ನ ಬೆಣ್ಣೆ ಹಾಗೆ ಹೋಗುತ್ತದೆ.

ಮೊದಲನೇ ಚಳಿಗಾಲದಲ್ಲಿ ನನಗೆ ಇದು ಗೊತ್ತಿರಲಿಲ್ಲ. ಮೈಸೂರಿನ ಕುವೆಂಪುನಗರದ ಮನೆಯಿಂದ ಹೊರಟು ಎಲ್ಲೂ ನಿಲ್ಲಿಸದೆ ಚಾಮುಂಡಿ ಬೆಟ್ಟ ಹತ್ತಿಸಿದೆ, ದಾರಿಯುದ್ದಕ್ಕೂ ಗೇರು ಬದಲಾಗೋದೇ ಇಲ್ಲವೇನೋ ಅನ್ನೋ ಹಾಗೆ ಇಂಜಿನ್ ಕಿರುಚುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಲೇಬೇಕು ಅಂದರು. ಪುಣ್ಯಕ್ಕೆ ಪರಿಚಯದ ಇನ್ನೊಬ್ಬ ಮೆಕ್ಯಾನಿಕ್, "ಗಾಡಿ ಸ್ಟಾರ್ಟ್ ಮಾಡಬೇಡಿ ಸಾರ್, ನಾನೇ ಬೆಳಿಗ್ಗೆ ಮನೆ ಹತ್ತಿರ ಬರ್ತೀನಿ" ಅಂದರು. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚಿ ಪಕ್ಕದಲ್ಲೇ ಕೂತರು. ಹೊರಟಾಗ ಇಂಜಿನ್ನನ್ನು ತಂಪಾಗಿಡುವ ದ್ರವ ಅಂದರೆ ಕೂಲಂಟ್, ಗೇರ್‌ಬಾಕ್ಸ್ ಆಯಿಲ್ ಎರಡೂ 17 ಡಿಗ್ರಿ. ಹತ್ತು ನಿಮಿಷ ಓಡಿಸಿದ ಮೇಲೆ ಕೂಲಂಟ್ 80 ದಾಟಿತ್ತು, ಗೇರ್‌ಬಾಕ್ಸ್ ಆಯಿಲ್ ಇನ್ನೂ 45ರ ಹತ್ತಿರವೇ ಇತ್ತು. ಮೀಟರಿನಲ್ಲಿ ಇಂಜಿನ್ ಬಿಸಿಯಾಯಿತು ಅಂತ ತೋರಿಸಿದ ಮಾತ್ರಕ್ಕೆ ಗೇರ್‌ಬಾಕ್ಸ್ ಬಿಸಿಯಾಗಿರುವುದಿಲ್ಲ. ಈ ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ.

ಟಾರ್ಕ್ ಕನ್ವರ್ಟರ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ತುಂಬಿದ ಜೋಡಣೆ) ಇರುವ ಆಟೋಮ್ಯಾಟಿಕ್‌ನಲ್ಲಿ ಎಲ್ಲ ಕೆಲಸವೂ ಆಯಿಲ್‌ದೇ. ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವುದು ಅದು, ಒತ್ತಡ ಕೊಟ್ಟು ಒಳಗಿನ ಕ್ಲಚ್‌ಗಳನ್ನು ಹಿಡಿಸುವುದೂ ಅದೇ. ಜೋನಿಬೆಲ್ಲ, ಅಂದರೆ ದ್ರವ ಬೆಲ್ಲ, ಗೊತ್ತಲ್ವಾ? ಆಲೆಮನೆಯಲ್ಲಿ ಬಿಸಿಬಿಸಿಯಾಗಿದ್ದಾಗ ಸಲೀಸಾಗಿ ಹರಿಯುತ್ತದೆ, ಅದನ್ನೇ ಚಳಿಯಲ್ಲಿ ಡಬ್ಬಿಯಿಂದ ಬಗ್ಗಿಸಿದರೆ ಎಳೆ ಎಳೆಯಾಗಿ ನಿಧಾನಕ್ಕೆ ಇಳಿಯುತ್ತದೆ. ಗೇರ್ ಆಯಿಲ್ ಅಷ್ಟೇನೂ ಗಟ್ಟಿಯಾಗುವುದಿಲ್ಲ, ಆದರೆ ಸಣ್ಣ ಸಣ್ಣ ದಾರಿಗಳಲ್ಲಿ ಹರಿದು ಒತ್ತಡ ಕಟ್ಟಲು ಅದಕ್ಕೂ ಸ್ವಲ್ಪ ಹೊತ್ತು ಬೇಕು. ಡಿಗೆ ಹಾಕಿದಾಗ ಒಂದು ಕ್ಷಣ ತಡವಾಗುವುದು ಇದಕ್ಕೇ.

ಗೇರು ತಡವಾಗಿ ಬದಲಾಗುವುದು ಬಹಳಷ್ಟು ಸಲ ಕಾರೇ ಬೇಕಂತ ಮಾಡುವ ಕೆಲಸ. ಆಯಿಲ್ ತಣ್ಣಗಿದೆ ಅಂತ ಒಳಗಿನ ಕಂಪ್ಯೂಟರಿಗೆ ಗೊತ್ತಿರುತ್ತದೆ. ಇಂಜಿನ್ನೂ, ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಬೇಗ ಬಿಸಿಯಾಗಲಿ ಅಂತ ಕೆಳಗಿನ ಗೇರನ್ನೇ ಜಾಸ್ತಿ ಹೊತ್ತು ಹಿಡಿದಿಡುತ್ತದೆ. ಇಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಜೋಡಿಸುವ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ಚನ್ನೂ ಆಯಿಲ್ ಬಿಸಿಯಾಗುವವರೆಗೆ ಹಿಡಿಸುವುದಿಲ್ಲ. ಅದಕ್ಕೇ ಅದೇ ಸ್ಪೀಡಿಗೂ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋ ಲೆಕ್ಕ) ಜಾಸ್ತಿ ಕಾಣುತ್ತದೆ, ಮೈಲೇಜೂ ಕಡಿಮೆ.

ಈಗ ಓಡಿಸುವ ವಿಷಯ. ಸ್ಟಾರ್ಟ್ ಮಾಡಿದ ತಕ್ಷಣ ಲಿವರ್ ಎಳೆಯಬೇಡಿ. ತಣ್ಣಗಿದ್ದಾಗ ಆರ್‌ಪಿಎಂ 1,200ರಿಂದ 1,500ರ ತನಕ ಇರುತ್ತದೆ, ಆಗಲೇ ಡಿಗೆ ಹಾಕಿದರೆ ಆ ಜರ್ಕ್ ಜೋರಾಗಿ ಬರುತ್ತದೆ. ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿಕೊಳ್ಳಿ. ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಮುಳ್ಳು ಸಾವಿರದ ಹತ್ತಿರ ಇಳಿಯುತ್ತದೆ. ಬ್ರೇಕ್ ಗಟ್ಟಿಯಾಗಿ ತುಳಿದುಕೊಂಡೇ ಡಿಗೆ ಹಾಕಿ, ಹ್ಯಾಂಡ್ ಬ್ರೇಕ್ ಇನ್ನೂ ಇರಲಿ. ಸೀಟಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ, ಗಾಡಿ ಸ್ವಲ್ಪ ಬಾಗಿ ಬ್ರೇಕಿನ ಮೇಲೆ ಒರಗಿದ ಹಾಗೆ ಆಗುತ್ತದೆ, ಆರ್‌ಪಿಎಂ ಇನ್ನೊಂದಿಷ್ಟು ಇಳಿಯುತ್ತದೆ. ಗೇರು ಹಿಡಿದಿದೆ ಅಂತ ಅರ್ಥ. ಆಮೇಲೆ ಹ್ಯಾಂಡ್ ಬ್ರೇಕ್ ಬಿಟ್ಟು ಹೊರಡಿ. ಗೇಟಿನಿಂದ ರಿವರ್ಸ್ ತೆಗೆಯುವವರು ಗಾಡಿ ಪೂರ್ತಿ ನಿಂತ ಮೇಲೆ ಮಾತ್ರ ಆರ್‌ನಿಂದ ಡಿಗೆ ಬನ್ನಿ. ಉರುಳುತ್ತಿರುವಾಗಲೇ ಬದಲಾಯಿಸುವ ಅಭ್ಯಾಸ ತಣ್ಣನೆ ಗೇರ್‌ಬಾಕ್ಸಿಗೆ ಬಹಳ ಕೆಟ್ಟದ್ದು.

ಹಾಗಂತ ಕಾಲು ಗಂಟೆ ನಿಲ್ಲಿಸಿಕೊಂಡು ಬಿಸಿ ಮಾಡುವುದೂ ಬೇಡ. ನಿಂತಲ್ಲೇ ಗೇರ್‌ಬಾಕ್ಸ್ ಹೆಚ್ಚೇನೂ ಬಿಸಿಯಾಗುವುದಿಲ್ಲ, ಪೆಟ್ರೋಲ್ ದಂಡ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಂತೂ ಇಂಜಿನ್ ಚಾಲೂ ಇಡಲೇಬೇಡಿ, ಆ ಹೊಗೆ ಪ್ರಾಣಕ್ಕೇ ಅಪಾಯ. ಓಡಿಸುತ್ತಲೇ ಬಿಸಿ ಮಾಡಿ. ಮೊದಲ ಐದಾರು ಕಿಲೋಮೀಟರ್ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರಲಿ, ಆರ್‌ಪಿಎಂ 2,500 ದಾಟದ ಹಾಗೆ ನೋಡಿಕೊಳ್ಳಿ, ಸ್ಪೋರ್ಟ್ ಮೋಡ್ ಬೇಡ. ಬೆಟ್ಟಕ್ಕೆ ಹೋಗುವುದಿದ್ದರೆ ಊರೊಳಗೆ ಸ್ವಲ್ಪ ಓಡಿಸಿಯೇ ಹತ್ತಿ. ಮಂಡ್ಯದಿಂದ ಬೆಂಗಳೂರಿಗೆ ಹೊರಟವರು ಸರ್ವಿಸ್ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಹೋಗಿ ಆಮೇಲೆ ಎಕ್ಸ್‌ಪ್ರೆಸ್‌ವೇ ಸೇರಿಕೊಳ್ಳಿ, ಯಾಕಂದರೆ ಅಲ್ಲಿ ಸೇರುವಾಗ ಒಮ್ಮೆಲೇ ಸ್ಪೀಡ್ ಎತ್ತಬೇಕಾಗುತ್ತದೆ.

ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಆಟೋಮ್ಯಾಟಿಕ್ ಮಾಡಿದ) ಕಾರಿನವರಿಗೆ ಇದೆಲ್ಲ ಹೀಗೇ ಅನ್ವಯಿಸುವುದಿಲ್ಲ. ಅದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ, ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಕ್ಲಚ್ಚನ್ನೇ ಯಂತ್ರ ಒತ್ತುತ್ತದೆ, ಸಣ್ಣ ಜರ್ಕ್ ಬಿಸಿಯಲ್ಲೂ ಇರುತ್ತದೆ. ಸಿವಿಟಿ ಅನ್ನೋ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನಲ್ಲಿ ಮೆಟ್ಟಿಲಿನಂಥ ಗೇರುಗಳಿಲ್ಲ, ತಣ್ಣಗಿದ್ದಾಗ ಆರ್‌ಪಿಎಂ ಸ್ವಲ್ಪ ಮೇಲೆಯೇ ನಿಲ್ಲುತ್ತದೆ ಅಷ್ಟೇ. ಅದರ ಆಯಿಲ್ ಬೇರೆ, ಯಾವುದೋ ಒಂದು ಹಾಕಿಸಿಬಿಡಬೇಡಿ. ಕಾರಿನ ಬುಕ್‌ನಲ್ಲಿ ಯಾವ ಗ್ರೇಡ್ ಬರೆದಿದೆಯೋ ಅದೇ ಬೇಕು.

ಇನ್ನು ಯಾವಾಗ ಚಿಂತೆ ಮಾಡಬೇಕು? ಡಿಗೆ ಹಾಕಿ ಮೂರು ಸೆಕೆಂಡ್ ಆದರೂ ಹಿಡಿಯದಿದ್ದರೆ. ಆರ್‌ಪಿಎಂ ಏರುತ್ತಿದ್ದರೂ ಗಾಡಿ ಮುಂದಕ್ಕೆ ಹೋಗದಿದ್ದರೆ. ಅರ್ಧ ಗಂಟೆ ಓಡಿಸಿದ ಮೇಲೂ ಅದೇ ಜರ್ಕ್ ಇದ್ದರೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಕೆಂಪಗೆ ಎಣ್ಣೆ ಕಲೆ ಕಂಡರೆ, ಇಲ್ಲವೇ ಸುಟ್ಟ ವಾಸನೆ ಬಂದರೆ ತಡ ಮಾಡಬೇಡಿ. ಆಯಿಲ್ ಮಟ್ಟ ನೋಡುವ ಕಡ್ಡಿ ಇರುವ ಕಾರುಗಳಲ್ಲಿ ಬುಕ್‌ನಲ್ಲಿ ಹೇಳಿದ ಬಿಸಿಯಲ್ಲೇ ನೋಡಬೇಕು, ತಣ್ಣಗಿದ್ದಾಗ ನೋಡಿದರೆ ಕಡಿಮೆ ತೋರಿಸಿ ಸುಮ್ನೆ ಜಾಸ್ತಿ ತುಂಬಿಸಿಬಿಡುತ್ತೀರಿ. ಈಗಿನ ಎಷ್ಟೋ ಕಾರುಗಳಲ್ಲಿ ಆ ಕಡ್ಡಿಯೇ ಇಲ್ಲ, ಗ್ಯಾರೇಜಿನಲ್ಲೇ ನೋಡಿಸಬೇಕು.

ಅಲ್ಲಿಗೆ ಹೋಗುವಾಗ ಒಂದು ಎಚ್ಚರಿಕೆ. ಮನೆಯಿಂದ ಓಡಿಸಿಕೊಂಡು ಹೋಗುವಷ್ಟರಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿ, ಬೆಳಿಗ್ಗೆ ಇದ್ದ ತೊಂದರೆ ಕಾಣಿಸುವುದೇ ಇಲ್ಲ. ಅದಕ್ಕೆ ಹಿಂದಿನ ಸಂಜೆಯೇ ಗಾಡಿ ಅಲ್ಲಿ ಬಿಟ್ಟು ಬನ್ನಿ, ಬೆಳಿಗ್ಗೆ ನೀವು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ, ಮೊದಲ ಸ್ಟಾರ್ಟಿಗೆ ಮೆಕ್ಯಾನಿಕ್ ಪಕ್ಕದಲ್ಲಿ ನೀವೇ ಕೂತಿರಿ.