ಅಳತೆ ಪುಸ್ತಕದ ಹಿಂದಿನ ಪುಟಗಳು

ಮರವಂತೆಯ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಂಗಡಿಯಲ್ಲಿ ಎರಡು ಮೆಷಿನ್, ಇಸ್ತ್ರಿ ಮಾಡುವ ಮೇಜು, ಒಂದು ಕಬ್ಬಿಣದ ಕಪಾಟು ಇವೆ. ಕಪಾಟಿನ ತುಂಬ ಪುಸ್ತಕ. ಮೇಜಿನ ಕೆಳಗೆ ನಾಯಿಗಳು. ಹೊಸಬರು ಬಂದರೆ ಬಾಗಿಲಲ್ಲೇ ಒಂದು ಗಳಿಗೆ ನಿಲ್ಲುತ್ತಾರೆ.

ಬ್ಲೌಸಿಗೆ ಹುಕ್ ಹಾಕುವ ತನಕ ಕಾಯುವವರು ಓದಲಿ ಅಂತ ಮೊದಲು ನಾಲ್ಕು ವಾರಪತ್ರಿಕೆ ಇಟ್ಟಿದ್ದೆ. ಧಾರಾವಾಹಿ ಅರ್ಧಕ್ಕೆ ನಿಂತಾಗ ಮನೆಗೆ ಒಯ್ಯುತ್ತೇನೆ ಅಂದರು. ಆಮೇಲೆ ಗುಜರಿಯವರಿಂದ ಕಾದಂಬರಿಗಳನ್ನು ಕಿಲೋ ಲೆಕ್ಕದಲ್ಲಿ ತಂದೆ. ಮೊದಲ ವರ್ಷ ಅರ್ಧಕ್ಕರ್ಧ ವಾಪಸ್ ಬರಲಿಲ್ಲ. ಯಾರೂ ಬೇಕು ಅಂತ ಇಟ್ಟುಕೊಂಡಿರಲಿಲ್ಲ. ಯಾರ ಹತ್ತಿರ ಯಾವುದಿದೆ ಅಂತ ನನಗೂ ಗೊತ್ತಿರಲಿಲ್ಲ, ಅವರಿಗೂ ನೆನಪಿರಲಿಲ್ಲ, ಅಷ್ಟೆ. ಆಗ ಅಳತೆ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಬರೆಯಲು ಶುರು ಮಾಡಿದೆ. ಮುಂದಿನಿಂದ ತೋಳು 9, ಉದ್ದ 14. ಹಿಂದಿನಿಂದ ಪುಸ್ತಕದ ಹೆಸರು, ಒಯ್ದವರ ಹೆಸರು, ತಾರೀಕು. ಬಟ್ಟೆ ಕೊಡಲು ಬಂದಾಗ ಹೇಗೂ ಆ ಪುಸ್ತಕ ತೆರೆಯಬೇಕಲ್ವಾ, ಪುಟ ತಿರುಗಿಸಿ ಕೇಳುತ್ತೇನೆ. ಈಗ ಕಳೆದುಹೋಗುವುದು ಬಹಳ ಕಡಿಮೆ.

ನಮ್ಮಲ್ಲಿ ಓದುವ ಕಾಲ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬೋಟಿಗೆ ಹೋಗುವ ಗಂಡಸರು ಮನೆಯಲ್ಲೇ ಇರುತ್ತಾರೆ. ನಾಡದೋಣಿಯವರೂ ಕಡಲು ಒರಟಾದ ದಿನ ದಡದಲ್ಲೇ. ಬಲೆ ಸರಿಮಾಡಿ ಕೈ ನೋವು ಬಂದವರು ಮಧ್ಯಾಹ್ನ ಬಂದು "ದಪ್ಪದ್ದು ಒಂದು ಕೊಡಿ ಅಕ್ಕ" ಅನ್ನುತ್ತಾರೆ. ಆದರೆ ಪುಸ್ತಕ ಹಾಳಾಗುವ ಕಾಲವೂ ಅದೇ. ಮೊದಲ ಮಳೆಗಾಲದಲ್ಲಿ ನಾನು ಕಪಾಟನ್ನು ಕಡಲ ಕಡೆಯ ಗೋಡೆಗೆ ತಾಗಿಸಿ ಇಟ್ಟಿದ್ದೆ. ಪ್ರತಿ ಪುಸ್ತಕಕ್ಕೂ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದೆ. ಆಗಸ್ಟಿನಲ್ಲಿ ತೆಗೆದು ನೋಡಿದರೆ ಹೊದಿಕೆಯ ಒಳಗೇ ಹಸಿರು ಬೂಷ್ಟು. ತೇವ ಹೊರಗಿನಿಂದ ಬರುತ್ತದೆ ಅಂತ ತಿಳಿದಿದ್ದೆ, ಒಳಗೆ ಸಿಕ್ಕಿಬಿದ್ದದ್ದು ಹೊರಗೆ ಹೋಗಲು ದಾರಿ ಬೇಕು ಅಂತ ಹೊಳೆದಿರಲಿಲ್ಲ. ಈಗ ಕಪಾಟು ಒಳಗೋಡೆಯ ಬದಿಗಿದೆ, ಗೋಡೆಯಿಂದ ಒಂದು ಗೇಣು ಬಿಟ್ಟು. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕುವುದಿಲ್ಲ. ಮಳೆ ಬಿಟ್ಟ ದಿನ ಬಾಗಿಲು ತೆರೆದು ಗಾಳಿಗೆ ಬಿಡುತ್ತೇನೆ. ಬೂಷ್ಟು ಕಂಡರೆ ಆ ಪುಸ್ತಕವನ್ನು ಬೇರೆ ಇಟ್ಟು, ನೆರಳಲ್ಲಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಡಿಯ ಹೊರಗೆ ಒಣಬಟ್ಟೆಯಲ್ಲಿ ಒರೆಸುತ್ತೇನೆ. ಬಿರುಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ.

ಉಪ್ಪುಗಾಳಿಗೆ ಮೊದಲು ಸೋಲುವುದು ಪಿನ್ನು. ಪತ್ರಿಕೆ, ಮಕ್ಕಳ ಪುಸ್ತಕಗಳ ನಡುವಿನ ಪಿನ್ನು ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದವನ್ನೂ ತಿನ್ನುತ್ತದೆ. ಇಲ್ಲಿ ನನ್ನ ಕಸುಬು ಕೈಹಿಡಿಯಿತು. ಪಿನ್ನನ್ನು ನಿಧಾನಕ್ಕೆ ಬಿಡಿಸಿ ತೆಗೆಯುತ್ತೇನೆ. ಮಡಿಕೆಯ ಗೆರೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು. ದಪ್ಪ ಹತ್ತಿ ದಾರಕ್ಕೆ ಮೇಣದ ಬತ್ತಿ ಉಜ್ಜಿಕೊಳ್ಳಬೇಕು. ಸೂಜಿ ಒಳಗಿನಿಂದ ನಡುವಿನ ತೂತಲ್ಲಿ ಹೊರಗೆ ಬರಬೇಕು, ಮೇಲಿನ ತೂತಲ್ಲಿ ಒಳಗೆ ಹೋಗಬೇಕು. ಒಳಗಿನಿಂದಲೇ ಉದ್ದಕ್ಕೆ ಸಾಗಿ ಕೆಳಗಿನ ತೂತಲ್ಲಿ ಹೊರಬಂದು, ಮತ್ತೆ ನಡುವಿನ ತೂತಲ್ಲಿ ಒಳಗೆ. ಈಗ ದಾರದ ಎರಡು ತುದಿಯೂ ಒಳಗಡೆ ಇರುತ್ತವೆ. ಉದ್ದ ಹೊಲಿಗೆ ನಡುವೆ ಬರುವಂತೆ ಆಚೆಗೊಂದು ಈಚೆಗೊಂದು ಹಿಡಿದು ಗಂಟು ಹಾಕಿದರೆ ಮುಗಿಯಿತು. ಜಾಸ್ತಿ ಎಳೆದರೆ ಕಾಗದ ಹರಿಯುತ್ತದೆ. ಬ್ಲೌಸಿನ ಹೆಮ್ಮಿಂಗಿಗೆ ಎಷ್ಟು ಬಿಗಿಯೋ ಅಷ್ಟು ಸಾಕು. ಹೀಗೆ ಹೊಲಿದ ಪುಸ್ತಕಗಳನ್ನು ಮಕ್ಕಳು ಎಳೆದಾಡಿದರೂ ಹಾಳೆ ಉದುರುವುದಿಲ್ಲ.

ನಾಯಿಗಳ ಮಾತಿಗೆ ಬರುತ್ತೇನೆ. ಬೊಗ್ಗಿ ಎಂಬ ಹೆಣ್ಣುನಾಯಿ ಒಂದು ಮಳೆಗಾಲದಲ್ಲಿ ಕಪಾಟಿನ ಕೆಳಗೆ ಮರಿ ಹಾಕಿತು. ಹುಳ ಬರದಿರಲಿ ಅಂತ ನಾನು ಕಪಾಟಿನಲ್ಲಿ ನುಸಿಗುಳಿಗೆ ಇಡುತ್ತಿದ್ದೆ. ಒಂದು ಗುಳಿಗೆ ಉರುಳಿ ಕೆಳಗೆ ಬಿದ್ದು, ಒಂದು ಮರಿ ಅದನ್ನು ಬಾಯಲ್ಲಿ ಆಡಿಸುತ್ತಿತ್ತು. ಕೈಹಾಕಿ ಕಸಿದುಕೊಂಡೆ. ಪಶುವೈದ್ಯರಿಗೆ ಫೋನ್ ಮಾಡಿದಾಗ, ಒಂದೇ ಗುಳಿಗೆ ನುಂಗಿದರೂ ಮರಿಗೆ ವಿಷ ಅಂದರು. ಅವತ್ತೇ ಅಷ್ಟನ್ನೂ ತೆಗೆದುಹಾಕಿದೆ. ರಟ್ಟು ಅಂಟಿಸುವ ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಸೇರಿಸುವ ಪದ್ಧತಿ ಇದೆ. ಅದನ್ನೂ ಬಿಟ್ಟೆ. ಈಗ ಸಾಧ್ಯವಾದಷ್ಟಕ್ಕೂ ಅಂಟಿನ ಬದಲು ಹೊಲಿಗೆ. ಒಣಗಿದ ಕಹಿಬೇವಿನ ಎಲೆ ಇಡುತ್ತೇನೆ. ನುಸಿಗುಳಿಗೆಯಷ್ಟು ಜೋರಿಲ್ಲ ಅದು, ಹಾಗಾಗಿ ಪುಸ್ತಕಗಳನ್ನು ವಾರಕ್ಕೊಮ್ಮೆ ಕೊಡವಿ ಇಡಲೇಬೇಕು. ನಾಯಿ ಇರುವ ಮನೆಯಲ್ಲಿ ಪುಸ್ತಕ ಇಟ್ಟವರು ಇದೊಂದನ್ನು ದಯವಿಟ್ಟು ಗಮನಿಸಿ.

ನಾಯಿಗಳ ಲೆಕ್ಕವೂ ಅಳತೆ ಪುಸ್ತಕದಲ್ಲೇ ಇದೆ, ನಡುವಿನ ಪುಟಗಳಲ್ಲಿ. ಬಣ್ಣ, ಗುರುತು, ರೇಬಿಸ್ ಲಸಿಕೆ ಹಾಕಿಸಿದ ತಾರೀಕು. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಬರೆಯುವ ಮೊದಲು ಒಂದೇ ಕರಿನಾಯಿಗೆ ಎರಡು ಸಲ ಹಾಕಿಸಿ, ಅದರ ತಮ್ಮನನ್ನು ಬಿಟ್ಟುಬಿಟ್ಟಿದ್ದೆ. ಲಸಿಕೆ ಆದವಕ್ಕೆ ಕೆಂಪು ಲೈನಿಂಗ್ ಬಟ್ಟೆಯ ಕುತ್ತಿಗೆ ಪಟ್ಟಿ ಹೊಲಿಯುತ್ತೇನೆ. ಜಿಪ್ ಹಾಕಿಸಲು ಬರುವ ಶಾಲೆ ಬ್ಯಾಗುಗಳಲ್ಲಿ ಕೆಲವನ್ನು "ಇನ್ನು ಆಗುದಿಲ್ಲ, ಇಲ್ಲೇ ಇರ್ಲಿ" ಅಂತ ಬಿಟ್ಟು ಹೋಗುತ್ತಾರೆ. ಅವುಗಳ ಹೊಳೆಯುವ ಪಟ್ಟಿ ಬಿಚ್ಚಿ ಕೆಂಪು ಬಟ್ಟೆಯ ಮೇಲೆ ಕೂರಿಸುತ್ತೇನೆ. ರಾತ್ರಿ ಹೆದ್ದಾರಿಯಲ್ಲಿ ಲಾರಿಯ ಬೆಳಕಿಗೆ ಅದು ಹೊಳೆಯುತ್ತದೆ. ಹೆದ್ದಾರಿಯಲ್ಲಿ ನಾಲ್ಕು ನಾಯಿ ಕಳೆದುಕೊಂಡ ಮೇಲೆ ತೋಚಿದ್ದು ಇದು. ಹಾಕುವಾಗ ಕುತ್ತಿಗೆಗೂ ಪಟ್ಟಿಗೂ ನಡುವೆ ಎರಡು ಬೆರಳು ಆಡಬೇಕು. ಬಕಲ್ ಬೇಡ, ವೆಲ್ಕ್ರೋ ಹಾಕಿ. ಬಲೆಗೋ ಕಡಲ ತಡೆಯ ಕಲ್ಲಿಗೋ ಸಿಕ್ಕಿಕೊಂಡರೆ ಎಳೆದಾಗ ಬಿಚ್ಚಿಕೊಳ್ಳಬೇಕು. ಬೆಳೆಯುವ ಮರಿಗೆ ತಿಂಗಳಿಗೊಮ್ಮೆ ಸಡಿಲ ಮಾಡದಿದ್ದರೆ ಪಟ್ಟಿ ಚರ್ಮಕ್ಕೆ ಇಳಿಯುತ್ತದೆ.

ಊಟ ಅಂದರೆ ಕುಚ್ಚಲಕ್ಕಿ ಗಂಜಿ, ಉಪ್ಪು ಹಾಕದ್ದು. ಮೀನು ಮಾರುವ ಅಕ್ಕ ಬುಟ್ಟಿಯಲ್ಲಿ ಉಳಿದ ಬೈಗೆ ಮೀನಿನ ತಲೆಗಳನ್ನು ಕೊಟ್ಟು ಹೋಗುತ್ತಾರೆ, ಬೇಯಿಸಿ ಹಾಕುತ್ತೇನೆ. ಸಂಜೆ ಅಂಗಡಿಯ ಹಿಂದೆಯೇ ಹಾಕುವುದು, ಕಡಲ ದಡದಲ್ಲಿ ಅಲ್ಲ. ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ ಆಲಿವ್ ರಿಡ್ಲಿ ಆಮೆಗಳು ನಮ್ಮ ಕರಾವಳಿಯ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಹಸಿದ ನಾಯಿ ಅದನ್ನು ಅಗೆದು ತಿನ್ನುತ್ತದೆ. ದಡದಲ್ಲಿ ಆಮೆಯ ಹೆಜ್ಜೆ ಕಂಡವರು ಅರಣ್ಯ ಇಲಾಖೆಗೆ ಹೇಳುತ್ತಾರೆ, ಅವರು ಗೂಡಿಗೆ ಬೇಲಿ ಹಾಕುತ್ತಾರೆ. ಹೊಟ್ಟೆ ತುಂಬಿದ ನಾಯಿ ಅಂಗಡಿ ಹಿಂದೆಯೇ ಮಲಗುತ್ತದೆ, ನನ್ನಿಂದ ಆಗುವ ಕೆಲಸ ಅಷ್ಟು.

ಎಲ್ಲ ಚೆನ್ನಾಗಿಯೇ ನಡೆಯಿತು ಅಂತಲ್ಲ. ಎಲ್ಲಿಂದಲೋ ಬಂದ, ಪಟ್ಟಿ ಇಲ್ಲದ ನಾಯಿ ಒಂದು ದಿನ ಪಕ್ಕದ ಮನೆಯ ಹುಡುಗಿಯ ಕಾಲಿಗೆ ಕಚ್ಚಿತು. ಅವಳ ಅಜ್ಜಿ ಸುಣ್ಣ ಹಚ್ಚಲು ಓಡಿ ಬಂದರು. ನಾನು ಬಿಡಲಿಲ್ಲ. ನಲ್ಲಿಯ ಕೆಳಗೆ ಕಾಲಿಟ್ಟು ಸೋಪು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದೆವು. ಹುಡುಗಿ ಅಳುತ್ತಿದ್ದಳು, ಅಜ್ಜಿ ನನ್ನನ್ನು ಬೈಯುತ್ತಿದ್ದರು. ಆಮೇಲೆ ಸೀದಾ ಆಸ್ಪತ್ರೆಗೆ. ಚುಚ್ಚುಮದ್ದು 0, 3, 7 ಮತ್ತು 28ನೇ ದಿನ ಅಂದರು. ಮೊದಲ ಚುಚ್ಚುಮದ್ದಿನ ದಿನವನ್ನು ಒಂದು ಅಂತ ಎಣಿಸಿ ನಾನು ತಪ್ಪು ತಾರೀಕು ಬರೆದುಕೊಂಡಿದ್ದೆ. ಅದು ಸೊನ್ನೆ ಅಂತ ನರ್ಸ್ ತಿದ್ದಿಸಿದರು. ನಾಲ್ಕು ತಾರೀಕನ್ನೂ ಅಳತೆ ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ. ನಾಲ್ಕು ಸಲವೂ ಅಜ್ಜಿಯೇ ಕರೆದುಕೊಂಡು ಹೋದರು. ಬರುವಾಗ ಪ್ರತಿ ಸಲ ಅಂಗಡಿಯಲ್ಲಿ ಕೂತು, ಹುಡುಗಿಯಿಂದ ಒಂದು ಕತೆ ಗಟ್ಟಿಯಾಗಿ ಓದಿಸಿಕೊಳ್ಳುತ್ತಿದ್ದರು. ಅಜ್ಜಿಗೆ ಓದು ಬರುವುದಿಲ್ಲ. 28ನೇ ದಿನ ಕಳೆದ ಮೇಲೂ ಸೋಮವಾರ ಸೋಮವಾರ ಬರುತ್ತಾರೆ. ಹುಡುಗಿ ಮೊದಮೊದಲು ಕಾಲು ಮೇಲೆ ಮಡಚಿ ಕೂರುತ್ತಿದ್ದಳು. ಹೋದ ತಿಂಗಳಿಂದ ಕೆಳಗೆ ಬಿಡುತ್ತಾಳೆ, ಬೊಗ್ಗಿ ಅದರ ಪಕ್ಕ ಮಲಗುತ್ತದೆ.

ಈ ವಾರದ ಕೆಲಸ ಪುಟದಲ್ಲಿ ಇಷ್ಟಿದೆ: ಲಂಗ ಎರಡು, ಮದುವೆ ಮನೆಯ ಬ್ಲೌಸು ಐದು. ಮಕ್ಕಳ ಪುಸ್ತಕ ಒಂಬತ್ತಕ್ಕೆ ಪಿನ್ನು ಬಿಚ್ಚಬೇಕು. ಬೊಗ್ಗಿಯ ಈ ಸಲದ ಮರಿಗಳಿಗೆ ಬರುವ ಗುರುವಾರ ಮೂರು ತಿಂಗಳು, ನಾಲ್ಕು ಪಟ್ಟಿ ಹೊಲಿಯಬೇಕು. ಕೆಂಪು ಬಟ್ಟೆ ಇದೆ. ಹೊಳೆಯುವ ಪಟ್ಟಿ ಮೂರಕ್ಕೆ ಮಾತ್ರ ಸಾಕಾಗುತ್ತದೆ, ಇನ್ನೊಂದು ಹಳೆ ಬ್ಯಾಗು ಹುಡುಕಬೇಕು.