ರೈಫಲ್ ಕೊಳ್ಳುವ ಮುನ್ನ ಬೋಲ್ಟ್ ಹೊರತೆಗೆದು ನೋಡಿ

ಆಟಿ ತಿಂಗಳ ಒಂದು ಬೆಳಿಗ್ಗೆ ಅಳಿಯ ಕಾಸರಗೋಡಿನ ಬದಿಯಡ್ಕದಿಂದ ಬಂದು ಕೇಳಿದ: “ಮಾವ, ಪರವಾನಗಿ ಕೈಸೇರಿತು. ಯಾವ ರೈಫಲ್ ತೆಗೆದುಕೊಳ್ಳಲಿ?” ಹಂದಿಗಳು ಅವನ ಮರಗೆಣಸನ್ನು ಬುಡಸಹಿತ ಮಗುಚಿದ್ದವು. ನಾನು ನನ್ನ .315 ರೈಫಲ್ ಖಾಲಿಯಿದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ತೋಟೆಯನ್ನು ನಳಿಗೆಯೊಳಗೆ ತಳ್ಳಿ ಮುಚ್ಚುವ ಉಕ್ಕಿನ ದಂಡವಾದ ಬೋಲ್ಟನ್ನು ಹೊರತೆಗೆದು ಅವನ ಅಂಗೈಯಲ್ಲಿಟ್ಟೆ.

ಬೋಲ್ಟಿನ ಮುಖದಲ್ಲಿ ತೋಟೆಯ ಅಂಚನ್ನು ಹಿಡಿದೆಳೆಯುವ ಕೊಕ್ಕೆಯನ್ನು ಮೊದಲು ನೋಡಿ. 1898ರ ಮೌಸರ್ ಮಾದರಿಯಲ್ಲಿ ಉದ್ದನೆಯ ಅಗಲ ಕೊಕ್ಕೆಯಿದೆ. ತೋಟೆ ಮ್ಯಾಗಜೀನಿನಿಂದ ಮೇಲೇಳುತ್ತಿದ್ದಂತೆಯೇ ಅದನ್ನು ಕಚ್ಚಿಕೊಳ್ಳುತ್ತದೆ. ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೇ ಹಿಂದೆಳೆದರೂ ಆ ತೋಟೆ ಜೊತೆಗೇ ಬರುತ್ತದೆ. ಆದರೆ ಅದನ್ನು ಕಡೆಯುವ ಕೆಲಸ ಹೆಚ್ಚು, ಬೆಲೆಯೂ ಹೆಚ್ಚು. 1962ರಲ್ಲಿ ಬಂದ ರೆಮಿಂಗ್ಟನ್ 700ರ ಬೋಲ್ಟ್ ತೋಟೆಯನ್ನು ಬರಿದೇ ಮುಂದೆ ತಳ್ಳುತ್ತದೆ. ಕೊಕ್ಕೆ ಹಿಡಿಯುವುದು ಕೊನೆಯಲ್ಲಿ. ತೋಟೆಯ ಹಿಂಬದಿಯನ್ನು ಉಕ್ಕಿನ ಬಳೆ ಸುತ್ತುವರಿಯುವುದರಿಂದ ಅದು ಗಟ್ಟಿ, ತಯಾರಿಕೆಯೂ ಸುಲಭ. ಅರ್ಧಕ್ಕೆ ಎಳೆದರೆ ಮಾತ್ರ ಒಂದು ತೋಟೆ ಒಳಗೇ ಉಳಿದು, ಅದರ ಹಿಂದೆ ಬರುವ ತೋಟೆ ಅದಕ್ಕೆ ಒತ್ತಿಕೊಳ್ಳುವ ಅಪಾಯವಿದೆ. ಕತ್ತಲಲ್ಲಿ, ಒದ್ದೆ ಕೈಯಲ್ಲಿ ಕೆಲಸ ಮಾಡುವವರಿಗೆ ನಾನು ಹೇಳುವುದು ಅಗಲ ಕೊಕ್ಕೆಯನ್ನೇ.

ಇನ್ನು ಗುಂಡು ಹಾರುವಾಗ ಬೋಲ್ಟನ್ನು ಬೀಗದಂತೆ ಹಿಡಿದಿಡುವ ಹಲ್ಲುಗಳು. ಎರಡು ಹಲ್ಲಿನದನ್ನು ಸಾಮಾನ್ಯವಾಗಿ 90 ಡಿಗ್ರಿ ಎತ್ತಬೇಕು, ಮೂರು ಹಲ್ಲಿನದಕ್ಕೆ 60 ಸಾಕು. ಆಗ ಬೋಲ್ಟಿನ ಹಿಡಿ ಮೇಲೆ ಕೂರಿಸಿದ ದೂರದರ್ಶಕಕ್ಕೆ ತಾಗುವುದಿಲ್ಲ. ಆದರೆ ಅದೇ ಸ್ಪ್ರಿಂಗನ್ನು ಕಡಿಮೆ ತಿರುವಿನಲ್ಲಿ ಒತ್ತಬೇಕಾಗಿ ಕೈಗೆ ಬಿಗಿ. ಲೀ-ಎನ್‌ಫೀಲ್ಡ್ ವಂಶದವುಗಳಲ್ಲಿ ಹಲ್ಲು ಹಿಂದಿರುತ್ತದೆ, ಸ್ಪ್ರಿಂಗ್ ಬೋಲ್ಟ್ ಮುಚ್ಚುವಾಗ ಬಿಗಿಯುತ್ತದೆ. ಆದ್ದರಿಂದ ಎತ್ತುವುದು ಹಗುರ, ಎಳೆತ ಗಿಡ್ಡ, ಕೊಳೆ ಒರೆಸುವುದೂ ಸುಲಭ. ಆದರೆ ಗುಂಡು ಹಾರುವಾಗ ಇಡೀ ಬೋಲ್ಟ್ ಒತ್ತಡ ಹೊರುವುದರಿಂದ ಹೆಚ್ಚು ಬಲದ ತೋಟೆಗಳಿಗೆ ಮುಂದಿನ ಹಲ್ಲೇ ಲೇಸು.

ನಳಿಗೆಯನ್ನು ಹೊತ್ತು ಭುಜಕ್ಕೆ ಒರಗುವ ಮರದ ಹಿಡಿಯ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಬೇಸಿಗೆಯಲ್ಲಿ ಗುರಿ ಹೊಂದಿಸಿದ್ದ ರೈಫಲ್ ಆಟಿಯ ಮಳೆಯಲ್ಲಿ ಗುರಿಹಲಗೆಯ ಮೇಲೆ ಒಂದು ಗೇಣು ಬಲಕ್ಕೆ ಬಡಿಯಿತು. ಮರ ನೀರು ಕುಡಿದು ಉಬ್ಬಿ ನಳಿಗೆಯನ್ನು ಒತ್ತುತ್ತಿತ್ತು. ನಳಿಗೆಗೂ ಮರಕ್ಕೂ ನಡುವೆ ಕಾಗದದ ಚೂರೊಂದನ್ನು ತೂರಿಸಿ ಎಳೆಯಿರಿ. ತುದಿಯಿಂದ ಬುಡದವರೆಗೆ ಎಲ್ಲೂ ಸಿಕ್ಕಬಾರದು. ಫೈಬರ್ ಹಿಡಿ ಉಬ್ಬುವುದಿಲ್ಲ, ಆದರೆ ಅಗ್ಗದ್ದು ಹಿಡಿತದ ಬಿಗಿಗೇ ಬಾಗಿ ನಳಿಗೆಗೆ ತಾಗುತ್ತದೆ. ನಮ್ಮ ಮಳೆಗೆ ನಾನು ಗಟ್ಟಿ ಫೈಬರನ್ನೇ ಆರಿಸುತ್ತೇನೆ, ವಾಲ್ನಟ್ ಮರದ ಚೆಲುವು ಬಿಟ್ಟುಕೊಡುವ ಬೇಸರದೊಂದಿಗೇ.

ದಪ್ಪ ನಳಿಗೆ ನಿಧಾನ ಬಿಸಿಯಾಗುತ್ತದೆ, ಸಾಲು ಗುಂಡುಗಳಿಗೆ ಒಳ್ಳೆಯದು. ಗುಡ್ಡ ಹತ್ತುವವರಿಗೆ ಅದು ಹೊರೆ. ಅಲ್ಲಿ ಮುಖ್ಯವಾಗುವುದು ಮೊದಲ ಗುಂಡು. ಸ್ಟೇನ್‌ಲೆಸ್ ಉಕ್ಕಿಗೂ ಎಣ್ಣೆ ಬೇಕು, ತುಕ್ಕು ತಡವಾಗುತ್ತದೆ ಅಷ್ಟೆ.

ಸೇಫ್ಟಿ ಟ್ರಿಗರ್‌ನ್ನಷ್ಟೇ ತಡೆಯುತ್ತದೆಯೋ, ಬಡಿಯುವ ಸೂಜಿಯನ್ನೇ ಕಟ್ಟುತ್ತದೆಯೋ ಎಂದು ಅಂಗಡಿಯವರನ್ನು ಕೇಳಿ. ಸೂಜಿ ಕಟ್ಟುವುದು ಬೇಕು. ಮಧ್ಯದ ನೆಲೆಯಿದ್ದರೆ ಸೇಫ್ಟಿ ತೆಗೆಯದೆಯೇ ತೋಟೆಗಳನ್ನು ಹೊರತೆಗೆಯಬಹುದು. ಮಕ್ಕಳಿರುವ ಮನೆಗೆ ಮರಳುವವರು ಇದರಲ್ಲಿ ಹಣ ಉಳಿಸಬಾರದು.

ಅಳಿಯನಿಗೆ ಇನ್ನೊಂದನ್ನೂ ಹೇಳಿದೆ: ಕೋವಿಯ ಪರವಾನಗಿ ಇದ್ದ ಮಾತ್ರಕ್ಕೆ ಹಂದಿಗೆ ಗುಂಡು ಹಾರಿಸುವಂತಿಲ್ಲ. ಕಾಡುಹಂದಿಗೆ ಗುಂಡು ಹಾರಿಸುವ ಆದೇಶ ಕೊಡುವ ಅಧಿಕಾರವನ್ನು 2022ರಲ್ಲಿ ಕೇರಳ ಸರ್ಕಾರ ಪಂಚಾಯತಿನ ಅಧ್ಯಕ್ಷರಿಗೆ ಕೊಟ್ಟಿತು. ಅವನು ಮರುದಿನವೇ ಪಂಚಾಯತಿಗೆ ಅರ್ಜಿ ಬರೆದ.