ಪ್ರಾರ್ಥನಾ ವಿನಂತಿಯಲ್ಲಿ ದಿನ, ವೇಳೆ ಇರಲಿ

ವಿದೇಶದ ವೈದ್ಯಕೀಯ ಸೇವೆಯಿಂದ ಊರಿನ ಕ್ರೈಸ್ತ ಸಭೆಗೆ ಪ್ರಾರ್ಥನಾ ವಿನಂತಿ ಕಳುಹಿಸುವವರು ಪ್ರತಿ ವಿನಂತಿಯ ಜೊತೆ ದಿನವನ್ನೂ ಭಾರತೀಯ ವೇಳೆಯನ್ನೂ ಬರೆಯುವುದು ಒಳ್ಳೆಯದು. ಬರೀ “ನಮಗಾಗಿ ಪ್ರಾರ್ಥಿಸಿರಿ” ಎಂದರೆ ಓದಿದವರು ಆಮೆನ್ ಎಂದು ಬರೆದು ಮುಂದೆ ಸಾಗುತ್ತಾರೆ. ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿ ಮಂಗಳವಾರ ಬೆಳಿಗ್ಗೆ 8ಕ್ಕೆ ಮಗುವೊಂದರ ಸೀಳುತುಟಿಯ ಶಸ್ತ್ರಚಿಕಿತ್ಸೆಯಿದೆ, ಆಗ ನಮ್ಮಲ್ಲಿ ಮಧ್ಯಾಹ್ನ 1.30 ಎಂದು ತಿಳಿಸಿದರೆ, ಊಟಕ್ಕೆ ಕೂತವರೂ ಅರಿವಳಿಕೆ ವೈದ್ಯರನ್ನು ನೆನೆದು ಪ್ರಾರ್ಥಿಸುತ್ತಾರೆ. ರೋಗಿಯ ಹೆಸರು, ಫೋಟೊ ಮಾತ್ರ ಬೇಡ. ಕರ್ತನಿಗೆ ಅವರು ಯಾರೆಂದು ಗೊತ್ತೇ ಇದೆ. ತುರ್ತು ಹೆರಿಗೆಯಂಥ ಪ್ರಕರಣಗಳಿಗೂ, ವೇಳಾಪಟ್ಟಿ ಪದೇ ಪದೇ ಬದಲಾಗುವ ಆಸ್ಪತ್ರೆಗಳಿಗೂ ಈ ಕ್ರಮ ಹೊಂದುವುದಿಲ್ಲ. ಅಲ್ಲಿ “ಈ ವಾರದ ರಾತ್ರಿ ಪಾಳಿಯ ದಾದಿಯರಿಗಾಗಿ” ಎಂದಷ್ಟೇ ಬರೆದರೆ ಸಾಕು.